ಬಿದ್ದ ಹೂವು, ಹಸಿ ಕಡಲೆಕಾಯಿ: ಹಳೆಯ ಬೆಂಗಳೂರಿನ ಎಳೆಯರೂ ಋತುಗಳೂ

ಕಾರ್ತಿಕದ ಬೆಳಗು. ನಮ್ಮ ಚಾಮರಾಜಪೇಟೆಯ ಬೀದಿಯ ತಿರುವಿನಲ್ಲೊಂದು ಆಕಾಶಮಲ್ಲಿಗೆ ಮರವಿದೆ. ಪೌರಕಾರ್ಮಿಕರ ಪೊರಕೆ ತಾಗುವ ಮೊದಲು, ಆರೂವರೆಯೊಳಗೆ ಹೋದರೆ, ರಸ್ತೆಯ ಅಂಚಿಗೆಲ್ಲ ಬಿಳಿ ಹೂವು ಹಾಸಿರುತ್ತದೆ. ನಾಲ್ಕು ವರ್ಷದ ಮೊಮ್ಮಗಳು ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಎತ್ತಿ ನನ್ನ ಅಂಗೈಗೆ ಹಾಕುತ್ತಾಳೆ. ಹೂವಿನ ಕೊಳವೆ ಅವಳ ಬೆರಳಿಗಿಂತ ಉದ್ದ; ತುದಿಯಲ್ಲಿ ಮೇಣದಂಥ ಎಸಳು. "ತಾತ, ಇದನ್ನ ಯಾರು ಕಿತ್ತಿದ್ದು?" "ಯಾರೂ ಕಿತ್ತಿಲ್ಲ ಪುಟ್ಟಿ, ರಾತ್ರಿ ಅರಳಿತ್ತು, ಈಗ ತಾನಾಗೇ ಬಿತ್ತು." ಅವಳು ತಲೆಯೆತ್ತಿ ಮರವನ್ನು ನೋಡಿದಳು. ಅಷ್ಟು ಎತ್ತರದಿಂದ ಬಿದ್ದದ್ದಕ್ಕೆ ಏಟಾಗಲಿಲ್ಲವೇ ಎಂದು ಕೇಳಿದಳು. ಅಷ್ಟರಲ್ಲೇ ಇನ್ನೊಂದು ಹೂವು ಗಿರಿಗಿರಿ ತಿರುಗುತ್ತ ಇಳಿದು ಬಂತು. ಅವಳಿಗೆ ಉತ್ತರ ಸಿಕ್ಕಿತು. ಮನೆಗೆ ಬಂದ ಮೇಲೆ ಅಜ್ಜಿ ಮೂರು ಹೂವಿನ ಕೊಳವೆಗಳನ್ನು ಜಡೆ ಹೆಣೆದಂತೆ ಒಂದರ ಮೇಲೊಂದು ತಂದು, ಪ್ರತಿ ಸುತ್ತಿಗೂ ಇನ್ನೊಂದು ಹೂವು ಸೇರಿಸುತ್ತ ಹೋದಳು. ಸೂಜಿಯಿಲ್ಲ, ದಾರವಿಲ್ಲ. ಮೊಳದುದ್ದದ ಮಾಲೆಯಾಯಿತು.

ಇಂಥ ಬೆಳಗುಗಳು ಊರಿನ ನಟ್ಟನಡುವೆ ಇನ್ನೆಷ್ಟು ಉಳಿದಿವೆ, ಇರುವಷ್ಟಾದರೂ ಚಿಕ್ಕಮಕ್ಕಳ ಕೈಗೆ ಸಿಗುತ್ತಿವೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಈ ಮೂರರ ಎಲ್ಲೆಯೊಳಗೇ ನಿಂತು ನೋಡುತ್ತೇನೆ. ಮಕ್ಕಳಿಗೆ ಪ್ರಕೃತಿ ತೋರಿಸಬೇಕು ಎಂದೊಡನೆ ಈಗಿನ ತಂದೆತಾಯಿಯರು ಕಬಿನಿ, ಕೊಡಗು, ಸಕಲೇಶಪುರದ ಹೋಂಸ್ಟೇ ಎಂದು ರಜೆಯ ಲೆಕ್ಕ ಹಾಕುತ್ತಾರೆ. ಹೋಗಿ ಬರಲಿ, ಒಳ್ಳೆಯದೇ. ಆದರೆ ಐದು ವರ್ಷದೊಳಗಿನ ಮಗುವಿಗೆ ವರ್ಷಕ್ಕೊಮ್ಮೆ ಕಂಡ ದೊಡ್ಡ ಕಾಡಿಗಿಂತ ವರ್ಷವೆಲ್ಲ ಕಾಣುವ ಒಂದೇ ಮರ ಹೆಚ್ಚು ಕಲಿಸುತ್ತದೆ. ಎಲೆ ಉದುರಿದ್ದು, ಚಿಗುರಿದ್ದು, ಹೂ ಬಿಟ್ಟದ್ದು, ಕಾಯಿ ಸಿಡಿದದ್ದು ಎಲ್ಲವನ್ನೂ ಅದು ಒಂದೇ ಜಾಗದಲ್ಲಿ, ಒಂದೇ ಗುರುತಿನ ಮೇಲೆ ನೋಡಬೇಕು. ಆ ದೃಷ್ಟಿಯಿಂದ ಈ ಮೂರು ಬಡಾವಣೆಗಳ ಮಕ್ಕಳು ಇಂದಿಗೂ ಭಾಗ್ಯವಂತರು ಎಂಬುದು ನನ್ನ ನಂಬಿಕೆ. ಅವರಿಗೆ ಕೊರತೆಯಾಗಿರುವುದು ಜೊತೆಯಲ್ಲಿ ನಿಲ್ಲುವ ಒಬ್ಬ ದೊಡ್ಡವರು.

ಭಾಗ್ಯ ಎಂದದ್ದಕ್ಕೆ ಕಾರಣ ಈ ಬಡಾವಣೆಗಳು ಹುಟ್ಟಿದ ರೀತಿಯಲ್ಲಿದೆ. ಕೋಟೆ-ಪೇಟೆಗಳ ಇಕ್ಕಟ್ಟಿನಿಂದ ಹೊರಗೆ 1890ರ ದಶಕದ ಮೊದಲಲ್ಲಿ ಚಾಮರಾಜಪೇಟೆ ಎದ್ದಿತು. 1898ರಲ್ಲಿ ಪ್ಲೇಗು ಬಡಿದು ಪೇಟೆಯ ಮನೆಗಳು ಖಾಲಿಯಾದ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕು ಧಾರಾಳವಾಗಿರಬೇಕು ಎಂಬುದೇ ಆಗಿನ ಹಂಬಲ. ಅಗಲ ರಸ್ತೆ, ಎರಡು ಬದಿಗೆ ಸಾಲುಮರ, ಮನೆಯ ಮುಂದೆ ತೆಂಗು-ಮಾವು-ಸಂಪಿಗೆಗೆ ಜಾಗ, ಹಿತ್ತಿಲಲ್ಲಿ ಬಾವಿ, ಕರಿಬೇವು, ಸೀಬೆ. ಮಲ್ಲೇಶ್ವರದಲ್ಲಂತೂ ರಸ್ತೆಗಳಿಗೇ ಮರದ ಹೆಸರು: ಒಂದು ಸಂಪಿಗೆ ರಸ್ತೆ, ಇನ್ನೊಂದು ಬೇವಿನ ಹೆಸರಿನ ಮಾರ್ಗೋಸಾ ರಸ್ತೆ. ಮುಂದೆ 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗೆಲ್ ಲಾಲ್‌ಬಾಗಿನ ಹೊಣೆ ಹೊತ್ತರು. ಊರಿನ ಬೀದಿಗಳಲ್ಲಿ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡಬೇಕು, ವರ್ಷದ ಯಾವ ತಿಂಗಳೂ ಬರಿದಾಗಬಾರದು ಎಂಬುದು ಅವರ ಯೋಜನೆ.

ಆ ಯೋಜನೆಯ ಫಲವನ್ನು ಈಗಲೂ ಪುಟ್ಟ ಮಗು ಬಣ್ಣಗಳ ಲೆಕ್ಕದಲ್ಲಿ ಹಿಡಿಯಬಲ್ಲದು. ಚಳಿಗಾಲದಲ್ಲಿ ಗುಲಾಬಿ ಬಣ್ಣದ ಟಬೆಬುಯಾ, ಶಿವರಾತ್ರಿಯ ಸುಮಾರಿಗೆ ಅದರ ಹಳದಿ ಜಾತಿ, ಅದರ ಹಿಂದೆಯೇ ನೇರಳೆಬಣ್ಣದ ಜಕರಂದಾ. ಯುಗಾದಿ ಹತ್ತಿರವಾದಂತೆ ಹೊಂಗೆ ತಾಮ್ರದ ಚಿಗುರನ್ನು ಹಸಿರಾಗಿಸಿಕೊಂಡು ಅಕ್ಕಿ ಚೆಲ್ಲಿದಂತೆ ಹೂ ಉದುರಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗುಲ್‌ಮೊಹರ್ ಉರಿಯುತ್ತದೆ. ಇವುಗಳಲ್ಲಿ ಹಲವು ಹೊರನಾಡಿನಿಂದ ಬಂದವು: ಗುಲ್‌ಮೊಹರ್ ಮಡಗಾಸ್ಕರಿನದು, ಟಬೆಬುಯಾ, ಜಕರಂದಾಗಳು ದಕ್ಷಿಣ ಅಮೆರಿಕದ ಕಡೆಯವು. ಮಕ್ಕಳು ಎಂದೋ ಅವನ್ನು ತಮ್ಮವನ್ನಾಗಿ ಮಾಡಿಕೊಂಡಿದ್ದಾರೆ. ಗುಲ್‌ಮೊಹರ್ ಮೊಗ್ಗನ್ನು ಬಿಡಿಸಿ, ಹೊರಕವಚದ ಸೀಳುಗಳನ್ನು ಉಗುರಿಗೆ ಅಂಟಿಸಿಕೊಂಡು ರಾಕ್ಷಸಿಯಾಗುವುದು, ಒಳಗಿನ ಕೇಸರಗಳ ತಲೆಗೆ ತಲೆ ಸಿಕ್ಕಿಸಿ ಎಳೆದು ಯಾರದು ತುಂಡಾಯಿತು ಎಂದು ಕೋಳಿಜಗಳ ಆಡುವುದು ನಮ್ಮ ಕಾಲದಲ್ಲೂ ಇತ್ತು. ಆಫ್ರಿಕಾದಿಂದ ಬಂದ ನೀರುಕಾಯಿ ಮರದ ಮೊಗ್ಗಂತೂ ಪ್ರಕೃತಿಯೇ ಮಾಡಿಕೊಟ್ಟ ಪಿಚಕಾರಿ; ಒತ್ತಿದರೆ ನೀರು ಚಿಮ್ಮುತ್ತದೆ. ಈ ಆಟಗಳಿಗೆ ಕಾಸು ಬೇಡ. ತೋರಿಸಿಕೊಡುವವರು ಬೇಕು, ಯಾಕೆಂದರೆ ಇವು ಪುಸ್ತಕದಲ್ಲಿ ಇರುವಂಥವಲ್ಲ, ಕೈಯಿಂದ ಕೈಗೆ ಬಂದಂಥವು. ಒಂದು ತಲೆಮಾರು ಮರೆತರೆ ಮುಂದಿನ ತಲೆಮಾರಿಗೆ ಆ ಮೊಗ್ಗು ಬರಿಯ ಕಸ.

ವರ್ಷದಲ್ಲಿ ಎಳೆಯರಿಗೆ ಅತ್ಯಂತ ಸಮೃದ್ಧವಾದ ಕಾಲ ಯಾವುದೆಂದು ಕೇಳಿದರೆ ಕಾರ್ತಿಕದಿಂದ ಸಂಕ್ರಾಂತಿಯವರೆಗಿನ ಎರಡು ತಿಂಗಳು ಎಂದು ನಾನು ಹೇಳುವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದ ಕಾಲದಲ್ಲಿ ಬಸವ ಬಂದು ಬೆಳೆ ಮೇಯುತ್ತಿದ್ದನಂತೆ. ಮೊದಲ ಫಸಲು ನಿನಗೇ ಎಂದು ರೈತರು ಹರಸಿಕೊಂಡರಂತೆ. ಆ ಹಳ್ಳಿಗಳ ಹೊಲಗಳ ಮೇಲೆ ಈಗ ಮನೆಗಳಿವೆ. ಫಸಲು ಮಾತ್ರ ಹೊರ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದ ಈಗಲೂ ಲಾರಿಯಲ್ಲಿ ಬಂದಿಳಿಯುತ್ತದೆ. ಏಕಶಿಲೆಯ ಆ ಬಸವ ಸುಮಾರು 15 ಅಡಿ ಎತ್ತರ. ನಮ್ಮ ಪುಟ್ಟಿ ಅವನನ್ನು ನೋಡಿ ಮೊದಲು ಕೇಳಿದ್ದು ಅವನು ಒಂದು ದಿನಕ್ಕೆ ಎಷ್ಟು ಕಡಲೆಕಾಯಿ ತಿನ್ನುತ್ತಾನೆ ಎಂದು.

ಪರಿಷೆಗೆ ಮಗುವನ್ನು ಸಂಜೆ ಕರೆದುಕೊಂಡು ಹೋಗಬೇಡಿ. ಸಂಜೆ ನೂಕುನುಗ್ಗಲು, ಮಗುವಿನ ಕಣ್ಣಿಗೆ ಬೀಳುವುದು ದೊಡ್ಡವರ ಮೊಣಕಾಲು ಮಾತ್ರ. ಬೆಳಿಗ್ಗೆ ಏಳಕ್ಕೆ ಹೋದರೆ ರಾಶಿಗಳ ಮುಂದೆ ವ್ಯಾಪಾರಿಗಳು ಚಾ ಕುಡಿಯುತ್ತ ಬಿಡುವಾಗಿರುತ್ತಾರೆ, ಮಗು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರೂ ಬಯ್ಯುವುದಿಲ್ಲ. ಹಸಿಯದು, ಹುರಿದದ್ದು, ಬೇಯಿಸಿದ್ದು, ಮೂರನ್ನೂ ಒಂದೊಂದು ಹಿಡಿ ಕೊಳ್ಳಿ. ಮೂರರ ಸದ್ದು ಬೇರೆ, ವಾಸನೆ ಬೇರೆ, ಸುಲಿಯುವ ಪರಿಯೇ ಬೇರೆ. ಹಸಿ ಕಾಯಿಯ ಬುಡಕ್ಕೆ ಅಂಟಿದ ಮಣ್ಣನ್ನು ಒರೆಸಬೇಡಿ. ಇದು ನೆಲದೊಳಗಿಂದ ಬಂತು ಎಂದು ಮಗುವಿಗೆ ಹೇಳಲು ಅದೇ ಸಾಕ್ಷಿ. ಸಿಪ್ಪೆಯ ತುದಿಯನ್ನು ಮೆಲ್ಲಗೆ ಒತ್ತಿ ಬಾಯಿ ಬಿಡಿಸಿ ಕಿವಿಯ ಹಾಲೆಗೆ ಕಚ್ಚಿಸಿದರೆ ಲೋಲಾಕು. ಪರಿಷೆಯಿಂದ ಹಾಗೆ ಲೋಲಾಕು ತೊಟ್ಟು ಬಂದ ಮಗು ಗಾಂಧಿಬಜಾರ್ ದಾಟುವವರೆಗೂ ತಲೆ ಅಲುಗಿಸದೆ ನಡೆದದ್ದನ್ನು ನೋಡಿದ್ದೇನೆ. ಈಗ ಕೆಲವು ವರ್ಷಗಳಿಂದ ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಸುತ್ತಲೂ ಪರಿಷೆ ನಡೆಯುತ್ತಿದೆ. ಆ ಕಡೆಯ ಮಕ್ಕಳಿಗೆ ಅದೇ ಹತ್ತಿರ.

ಡಿಸೆಂಬರ್ ಬಂತೆಂದರೆ ಅವರೆಕಾಯಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ; ಚೀಲ ಬಿಚ್ಚಿದರೆ ಮನೆಯೆಲ್ಲ ಆ ವಾಸನೆ, ಬೆರಳಿಗೆ ಎಣ್ಣೆಯಂಥ ಜಿಡ್ಡು. ಅವರೆ ಸುಲಿಯುವ ಕೆಲಸಕ್ಕೆ ಮೂರು ವರ್ಷದ ಮಗುವನ್ನೂ ಕೂರಿಸಿಕೊಳ್ಳಬಹುದು. ಹತ್ತು ಕಾಯಿಗೊಮ್ಮೆ ಹಸಿರು ಹುಳ ಸಿಗುತ್ತದೆ. ಆಗ ಹೌಹಾರದೆ ಒಂದು ಸಿಪ್ಪೆಯ ಮೇಲೆ ಅದನ್ನಿಟ್ಟು, ಅದು ಎಲ್ಲಿಂದ ಒಳಹೊಕ್ಕಿತು, ಎಷ್ಟು ತಿಂದಿದೆ ಎಂದು ತೋರಿಸಿ. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಹಿತುಕುವುದಂತೂ ಮಕ್ಕಳಿಗೇ ಹೇಳಿಮಾಡಿಸಿದ ಕೆಲಸ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಚಂಗನೆ ಹಾರಿ ಎದುರಿನ ಗೋಡೆಗೆ ಬಡಿಯುತ್ತದೆ. ಅರ್ಧ ಬೇಳೆ ನೆಲದ ಮೇಲೆ ಹೋಗಲಿ. ಶಾಲೆಗಳಲ್ಲಿ ಬೆರಳಿನ ಹಿಡಿತ ಬಲಿಯಲೆಂದು ಮಣಿ ಪೋಣಿಸುವ ಸಾಮಗ್ರಿ ಕೊಳ್ಳುತ್ತಾರೆ. ಹಿತುಕಿದ ಬೇಳೆಯ ಸಾರು ಮಾಡುವ ಮನೆಯಲ್ಲಿ ಆ ಕಲಿಕೆ ಅಡುಗೆಮನೆಯ ನೆಲದಲ್ಲೇ ನಡೆಯುತ್ತದೆ, ಮಧ್ಯಾಹ್ನ ಅದನ್ನೇ ಉಣ್ಣಲೂ ಸಿಗುತ್ತದೆ.

ಸಂಕ್ರಾಂತಿಗೆ ವಾರವಿರುವಾಗ ಕೊಬ್ಬರಿ, ಬೆಲ್ಲದ ಚೂರುಗಳು ಮಹಡಿಯ ಬಿಸಿಲಲ್ಲಿ ಒಣಗುತ್ತವೆ. ಕಾಗೆ ಕಾಯುವ ಕೆಲಸ ಮಕ್ಕಳದು. ಭೋಗಿಯ ದಿನವೋ ಹಬ್ಬದ ಸಂಜೆಯೋ ಐದು ವರ್ಷದೊಳಗಿನವರನ್ನು ಮಣೆಯ ಮೇಲೆ ಕೂರಿಸಿ ಎಳಚಿಹಣ್ಣು, ಕಬ್ಬಿನ ಚೂರು, ಕಾಸು ಬೆರೆಸಿ ತಲೆಯ ಮೇಲೆ ಎರೆಯುತ್ತಾರೆ. ಆ ಋತುವಿನ ಫಲ ಆ ಋತುವಿನಲ್ಲೇ ಮಗುವಿನ ಮೈಮೇಲೆ ಮಳೆಯಾಗಿ ಬೀಳುವ ಈ ಪದ್ಧತಿ ಕಂಡುಕೊಂಡವರು ಮಕ್ಕಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಅದೇ ಸಂಕ್ರಾಂತಿಯ ಸಂಜೆ ಗವಿಪುರದ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸೂರ್ಯರಶ್ಮಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಸೂರ್ಯ ದಕ್ಷಿಣಕ್ಕೆ ಹೋಗುವಾಗಲೂ ಮರಳುವಾಗಲೂ ಅದೇ ಜಾಗ ದಾಟಲೇಬೇಕಾದ್ದರಿಂದ ನವೆಂಬರ್ ಕೊನೆ, ಡಿಸೆಂಬರ್ ಮೊದಲ ದಿನಗಳಲ್ಲೂ ಬೆಳಕು ಹಾಗೆ ಒಳಬರುತ್ತದೆ. ಬೆಂಗಳೂರಿನ ಖಗೋಳಜ್ಞೆ ಬಿ.ಎಸ್. ಶೈಲಜಾ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿ ಬರೆದಿದ್ದಾರೆ. ಹಬ್ಬದ ಸಂದಣಿಯಲ್ಲಿ ಎಳೆಯ ಮಗುವಿಗೆ ಅದು ಕಾಣಿಸದು. ಮನೆಯಲ್ಲೇ ಮಾಡಬಹುದಾದ್ದು ಒಂದಿದೆ. ಪಡುವಣ ಕಿಟಕಿಯಿಂದ ಸಂಜೆ ಐದಕ್ಕೆ ನೆಲದ ಮೇಲೆ ಬೀಳುವ ಬಿಸಿಲ ತುಂಡಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ವಾರಕ್ಕೊಂದು ಗೆರೆ. ಸಂಕ್ರಾಂತಿಯಿಂದ ಶಿವರಾತ್ರಿಯ ಹೊತ್ತಿಗೆ ಗೆರೆಗಳು ಎಷ್ಟು ಸರಿದಿವೆ ಎಂದು ಮಗುವೇ ಕಾಲಿಂದ ಅಳೆಯುತ್ತದೆ. ಉತ್ತರಾಯಣ ಎಂಬ ಮಾತನ್ನು ಆಮೇಲೆ ಕಲಿತರಾಯಿತು.

ಬಸವನಗುಡಿಯ ಮಕ್ಕಳಿಗೆ ಇನ್ನೊಂದು ಸಂಪತ್ತಿದೆ: ಬಂಡೆ. ಬ್ಯೂಗಲ್ ರಾಕ್ ಎನ್ನುವ ಕಹಳೆ ಬಂಡೆ, ಲಾಲ್‌ಬಾಗಿನ ಕೆಂಪೇಗೌಡ ಗೋಪುರದ ಗುಡ್ಡ ಇವು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆಗಳು. ಲಾಲ್‌ಬಾಗಿನದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟಿಯ ಲೆಕ್ಕ ಮಗುವಿಗೆ ಬೇಡ. ಚಳಿಗಾಲದ ಸಂಜೆ ಸೂರ್ಯ ಮುಳುಗಿದ ಮೇಲೂ ಬಂಡೆ ಬೆಚ್ಚಗಿರುತ್ತದೆ. ಅದರ ಮೇಲೆ ಕೆನ್ನೆಯಿಟ್ಟು ಮಲಗಲು ಬಿಡಿ. ಮಳೆಯ ಮಾರನೆಯ ದಿನ ಬಂಡೆಯ ಗುಳಿಗಳಲ್ಲಿ ನೀರು ನಿಂತು ಪುಟ್ಟ ಕೆರೆಗಳಾಗುತ್ತವೆ, ಅದರೊಳಗೆ ಮರ, ಮೋಡ, ತನ್ನದೇ ಮುಖ. ಕಹಳೆ ಬಂಡೆಯ ಮರಗಳಲ್ಲಿ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ತೂಗುತ್ತಿರುತ್ತವೆ. ಮಬ್ಬುಗತ್ತಲಾಗುತ್ತಲೇ ಒಂದೊಂದಾಗಿ ಕಳಚಿಕೊಂಡು ಹಾರಿಹೋಗುವುದನ್ನು ನೋಡಲು ಹತ್ತು ನಿಮಿಷ ಸಾಕು, ಮಕ್ಕಳು ಅರ್ಧ ಗಂಟೆ ಬೇಕೆನ್ನುತ್ತಾರೆ.

ಬೇಸಗೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ತಾನಾಗಿಯೇ ಮಕ್ಕಳನ್ನು ಸೆಳೆಯುವ ಕಾಲ. ಯುಗಾದಿಗೆ ಬೇವಿನ ಹೂ ಆಯುವುದು, ರಾಮನವಮಿಯ ಪಾನಕ, ಲಾಲ್‌ಬಾಗಿನ ಮಾವಿನ ಮೇಳ, ಜೂನ್ ತಿಂಗಳಲ್ಲಿ ಕಾಲುದಾರಿಯನ್ನೆಲ್ಲ ಬಣ್ಣಗೆಡಿಸುವ ನೇರಳೆಹಣ್ಣು ಮತ್ತು ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುವ ಮಕ್ಕಳು. ತಿಂದ ಮಾವಿನ ವಾಟೆಯನ್ನು ಮಾತ್ರ ಎಸೆಯಬೇಡಿ. ಒಂದು ಕುಂಡದ ಅಂಚಿಗೆ ಹೂತರೆ ಮಳೆಗಾಲದಲ್ಲಿ ಕಂದುಕೆಂಪು ಚಿಗುರು ತಲೆಯೆತ್ತುತ್ತದೆ.

ಮಳೆಗಾಲದಲ್ಲಿ ಮಕ್ಕಳನ್ನು ಒಳಗೆ ಕೂಡಿಹಾಕುವುದೇ ನಮ್ಮೂರಿನ ರೂಢಿಯಾಗಿದೆ. ಬೆಂಗಳೂರಿನ ಮಳೆ ಮಲೆನಾಡಿನದಲ್ಲ. ಬಹುಪಾಲು ಮಧ್ಯಾಹ್ನದ ಮೇಲೆ ಕವಿದು, ಒಂದೆರಡು ಗಂಟೆ ಸುರಿದು ನಿಲ್ಲುತ್ತದೆ. ಹೆಚ್ಚು ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಬೆಳಗುಗಳು ಒಣಗಿರುತ್ತವೆ, ನೆಲ ಹಸಿಯಿರುತ್ತದೆ. ಎರೆಹುಳು, ಬಸವನಹುಳು, ದೀಪಕ್ಕೆ ಮುತ್ತುವ ಮಳೆಹುಳ, ಗೋಡೆಯ ಪಾಚಿ, ಎಲ್ಲಕ್ಕೂ ಇದೇ ಕಾಲ. ಇವೆಲ್ಲಕ್ಕಿಂತ ನನ್ನ ಮಟ್ಟಿಗೆ ಮುಖ್ಯವಾದ್ದು ಕರಿಬೇವಿನ ಗಿಡ. ಬಾಲ್ಕನಿಯ ಕುಂಡದಲ್ಲಿ ಒಂದು ಕರಿಬೇವೋ ನಿಂಬೆಯೋ ಇದ್ದರೆ ಒಂದು ಜಾತಿಯ ದೊಡ್ಡ ಚಿಟ್ಟೆ ಹುಡುಕಿಕೊಂಡು ಬಂದು ಸಾಸಿವೆ ಗಾತ್ರದ ಹಳದಿ ಮೊಟ್ಟೆ ಇಡುತ್ತದೆ. ನಾಲ್ಕನೆಯ ಮಹಡಿಗೂ ಬಂದದ್ದನ್ನು ನೋಡಿದ್ದೇನೆ. ಮೊಟ್ಟೆಯೊಡೆದು ಬಂದ ಹುಳ ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಪ್ಪುಬಿಳುಪಾಗಿರುತ್ತದೆ, ಹಕ್ಕಿಗೆ ತಿನ್ನಬೇಕೆನಿಸಬಾರದಲ್ಲ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಒಮ್ಮೆಲೇ ಎಲೆಹಸಿರು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆಬಣ್ಣದ ಕವಲುಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಕಳೆದ ಮಳೆಗಾಲದಲ್ಲಿ ಪುಟ್ಟಿ ಅದನ್ನು ಮೂಸಿ, "ಒಗ್ಗರಣೆ ಹುಳ" ಎಂದು ಹೆಸರಿಟ್ಟಳು. ಅದು ಗಿಡದ ಅರ್ಧ ಎಲೆ ತಿಂದಿತು, ಅಜ್ಜಿ ಹದಿನೈದು ದಿನ ಸಾರಿಗೆ ಅಂಗಡಿಯ ಕರಿಬೇವು ತಂದಳು. ಒಂದು ಬೆಳಿಗ್ಗೆ ಹುಳ ಕಾಣಲಿಲ್ಲ. ಹುಡುಕಿದರೆ ಕೊಂಬೆಗೆ ಒಂದು ನೂಲಿನಿಂದ ತನ್ನನ್ನು ಬಿಗಿದುಕೊಂಡು ಗೂಡಾಗಿತ್ತು. ಸುಮಾರು ಹತ್ತು ದಿನದ ಮೇಲೆ ಚಿಟ್ಟೆ ಹೊರಬಂದು, ಮುದುಡಿದ ರೆಕ್ಕೆ ಒಣಗಿಸಿಕೊಳ್ಳುತ್ತ ಗಂಟೆಹೊತ್ತು ಕೂತಿತು. ಅಷ್ಟು ಹೊತ್ತು ಆ ಮಗು ಮಾತಾಡಲಿಲ್ಲ. ಯಾವ ತೆರೆಯ ಮೇಲಿನ ಚಿತ್ರವೂ ಅವಳನ್ನು ಹಾಗೆ ಸುಮ್ಮನಿರಿಸಿದ್ದನ್ನು ನಾನು ಕಂಡಿಲ್ಲ.

ಹಬ್ಬಗಳು ಬಂದಾಗ ಗಿಡಮರಗಳ ಪಾಠ ತನ್ನಷ್ಟಕ್ಕೆ ಮನೆಯೊಳಗೆ ಬರುತ್ತದೆ. ಗಣೇಶನಿಗೆ ಇಪ್ಪತ್ತೊಂದು ಪತ್ರೆ. ಬಿಲ್ವ, ಗರಿಕೆ, ಎಕ್ಕ, ಉತ್ತರಾಣಿ, ಬನ್ನಿ, ದಾಳಿಂಬೆ, ಮರುಗ, ಮಾಚಿಪತ್ರೆ, ವಿಷ್ಣುಕ್ರಾಂತಿ. ಹಿಂದೆ ಮಕ್ಕಳು ಬುಟ್ಟಿ ಹಿಡಿದು ಹಿತ್ತಿಲು, ಖಾಲಿ ಸೈಟು ಸುತ್ತಿ ಇವನ್ನು ಕೂಡಿಸುತ್ತಿದ್ದರು; ಉತ್ತರಾಣಿಯ ಕಾಳು ಲಂಗಕ್ಕೆಲ್ಲ ಕಚ್ಚಿಕೊಂಡು ಮನೆಗೆ ಬರುತ್ತಿತ್ತು. ಈಗ ಗಾಂಧಿಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಕೊಳ್ಳುವುದರಲ್ಲಿ ತಪ್ಪಿಲ್ಲ. ತಂದ ಕಟ್ಟನ್ನು ಹಿಂದಿನ ರಾತ್ರಿ ಬಿಚ್ಚಿ, ಚಾಪೆಯ ಮೇಲೆ ಹರಡಿ, ಕಣ್ಣು ಮುಚ್ಚಿಸಿ ಮೂಸಲು ಕೊಡಿ. ಮರುಗ ಯಾವುದು, ಮಾಚಿಪತ್ರೆ ಯಾವುದು ಎಂದು ನಾಲ್ಕು ವರ್ಷದ ಮೂಗು ಎರಡನೆಯ ಸಲಕ್ಕೆ ಹೇಳಿಬಿಡುತ್ತದೆ. ನವರಾತ್ರಿಯ ಗೊಂಬೆ ಕೂರಿಸುವ ಮನೆಗಳಲ್ಲಿ ಪಾರ್ಕ್ ಮಾಡುವ ಸಂಭ್ರಮವೂ ಹಾಗೆಯೇ. ಮಹಾಲಯ ಅಮಾವಾಸ್ಯೆಗೆ ಕೆಲವು ದಿನ ಮೊದಲೇ ತಟ್ಟೆಯ ಮಣ್ಣಿನ ಮೇಲೆ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಗೊಂಬೆ ಕೂರುವ ಹೊತ್ತಿಗೆ ಹಸಿರು ಹುಲ್ಲುಹಾಸು ಸಿದ್ಧ. ಪ್ಲಾಸ್ಟಿಕ್ಕಿನ ಹುಲ್ಲುಹಾಸು ಈಗ ಅಂಗಡಿಗಳಲ್ಲಿ ಅಗ್ಗ. ದಯವಿಟ್ಟು ಅದನ್ನು ತರಬೇಡಿ. ಗೊಂಬೆ ಹಬ್ಬದಲ್ಲಿ ಮಗು ತನ್ನ ಕೈಯಾರೆ ಬೆಳೆದದ್ದು ಎಂದು ಬಂದವರಿಗೆಲ್ಲ ತೋರಿಸಲು ಇರುವುದು ಆ ರಾಗಿ ಪೈರೊಂದೇ.

ಇಷ್ಟೆಲ್ಲ ಇರುವಾಗ ಕಳೆದದ್ದೇನು? ಮೊದಲು ಹೋದದ್ದು ಮಣ್ಣು. ಹಳೆಯ ಮನೆಗಳು ಬಿದ್ದು ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟುಗಳು ಎದ್ದಾಗ ಮುಂದಿನ ಅಂಗಳ ಕಾರಿನ ಜಾಗವಾಯಿತು, ಹಿತ್ತಿಲು ಜನರೇಟರಿನ ಜಾಗವಾಯಿತು. ಕಾಲುದಾರಿಯ ಕಲ್ಲುಹಾಸು ಮರದ ಬುಡದವರೆಗೆ ಬಿಗಿದಿದೆ; ಮಗುವೊಂದು ಕಡ್ಡಿಯಿಂದ ಕೆದಕಲು ಒಂದು ಗೇಣು ನೆಲ ಹುಡುಕಬೇಕು. ಹೆಂಚಿನ ಸಂದು ಹೋಯಿತು, ಅಂಗಡಿಯ ಮುಂದೆ ಕಾಳು ಕೇರುವವರು ಇಲ್ಲವಾದರು, ಗುಬ್ಬಚ್ಚಿ ಈ ಬೀದಿಗಳನ್ನು ಬಿಟ್ಟುಹೋಯಿತು. ಇನ್ನು ರಸ್ತೆ. ನನ್ನ ಚಿಕ್ಕಂದಿನಲ್ಲಿ ಬೀದಿ ಮಕ್ಕಳದಾಗಿತ್ತು, ಈಗ ವಾಹನಗಳದು. ಐದು ವರ್ಷದ ಮಗುವನ್ನು ಎದುರು ಬದಿಯ ಮರದ ಹತ್ತಿರ ಒಂಟಿಯಾಗಿ ಕಳಿಸುವಂತಿಲ್ಲ. ಮರಗಳಿಗಾಗಿ ಜನ ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು; 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯ ಪಕ್ಕದ ರಸ್ತೆಯಲ್ಲಿ ಮೇಲ್ಸೇತುವೆಗಾಗಿ ಮರ ಕಡಿಯುವ ಪ್ರಸ್ತಾಪವನ್ನು 2023ರಲ್ಲಿ ಮಲ್ಲೇಶ್ವರ, ಸದಾಶಿವನಗರದ ಕಡೆಯ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು.

ಎರಡನೆಯದು ಅಂಜಿಕೆ ಮತ್ತು ಅವಸರ. ಮುಟ್ಟಬೇಡ, ಗಲೀಜು, ಕೈ ಕೊಳೆ, ಹೊತ್ತಾಯಿತು. ನಮ್ಮ ಹತ್ತಿರದ ಒಂದು ಶಿಶುವಿಹಾರದಲ್ಲಿ ಪುಟ್ಟಿ ಜೇಬಿನಲ್ಲಿ ಒಯ್ದಿದ್ದ ಸಂಪಿಗೆಯ ಬೀಜಗಳನ್ನು ಕಸದ ಬುಟ್ಟಿಗೆ ಹಾಕಿಸಿದರು. ಅದೇ ವಾರ ಅಲ್ಲಿ ಪ್ರಕೃತಿ ದಿನವೆಂದು ಹಸಿರು ಕಾಗದದ ಎಲೆ ಕತ್ತರಿಸಿ ಅಂಟಿಸಿದ್ದರು. ಮಗು ಅತ್ತು ಬಂತು. ನನಗೆ ಅದರ ನೋವು ಇನ್ನೂ ಇದೆ. ಆ ಶಿಕ್ಷಕಿಯನ್ನು ದೂರುವುದಿಲ್ಲ, ಅವರಿಗೂ ಯಾರೂ ಚಿಕ್ಕಂದಿನಲ್ಲಿ ಬೀಜ ಕೊಟ್ಟಿರಲಾರರು.

ಇದು ಬರಿಯ ಹಳೆಯ ಕಾಲದ ಹಂಬಲವೇ ಎಂದು ಕೇಳುವವರಿಗೆ ಒಂದು ಗಟ್ಟಿ ಲೆಕ್ಕವಿದೆ. ಚೀನಾದ ಗುವಾಂಗ್‌ಜೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಮೂರು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವದು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಅವಧಿ ಸೇರಿಸಿದರು, ಉಳಿದವುಗಳಲ್ಲಿ ಇಲ್ಲ. ಆ ಅವಧಿ ಸೇರಿಸದ ಗುಂಪಿನಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದರೆ, ಸೇರಿಸಿದ ಗುಂಪಿನಲ್ಲಿ ನೂರಕ್ಕೆ 30.4. ಹಗಲ ಬೆಳಕೇ ಇದಕ್ಕೆ ಮುಖ್ಯ ಕಾರಣವಿರಬೇಕು ಎನ್ನುತ್ತಾರೆ. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ ಮೂರು ಗಂಟೆ ಓಡಾಡಿಕೊಂಡಿರಬೇಕು, ಕೂತು ತೆರೆ ನೋಡುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕಣ್ಣಿನ ಆರೋಗ್ಯ ಒಂದು ಕಡೆಯಿರಲಿ, ಹೂವು ಹೆಕ್ಕಿದ ಮಗುವಿನ ಮಾತು ಬೆಳೆಯುವುದನ್ನು ಮನೆಯವರೇ ಕೇಳಬಹುದು. ಒರಟು, ನುಣುಪು, ಜಿಗುಟು, ಗರಿಗರಿ, ಘಮ, ಘಾಟು, ಒಗರು: ಕನ್ನಡದ ಇಂಥ ಎಷ್ಟೋ ಶಬ್ದಗಳು ವಸ್ತು ಕೈಯಲ್ಲಿದ್ದರೆ ಮಾತ್ರ ಬಾಯಿಗೆ ಬರುತ್ತವೆ.

ನಮ್ಮಲ್ಲಿ ಮಕ್ಕಳಿಗಾಗಿ ಯೋಚಿಸಿದ ಹಿರಿಯರು ಕಡಮೆಯಿಲ್ಲ. ಆರ್. ಕಲ್ಯಾಣಮ್ಮನವರು 1938ರಲ್ಲಿ ಸ್ಥಾಪಿಸಿದ ಮಕ್ಕಳ ಕೂಟ ನಮ್ಮ ಚಾಮರಾಜಪೇಟೆಯಲ್ಲೇ ಇದೆ. ಮಕ್ಕಳು ಸೇರಿ ಆಡಲು, ಹಾಡಲು ಒಂದು ಜಾಗ ಬೇಕೆಂದು ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ಹಟ ಹಿಡಿದದ್ದರ ಫಲ ಅದು. ಸಸ್ಯಶಾಸ್ತ್ರವನ್ನು ಕನ್ನಡದ ಮನೆಮಾತಾಗಿಸಿದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಪ್ಪ ಅಮ್ಮಂದಿರು ಮೊದಲು ಅದನ್ನು ಓದಿಕೊಳ್ಳಲಿ. ಲಾಲ್‌ಬಾಗಿನಲ್ಲಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಪಕ್ಷಿವೀಕ್ಷಕರು ಸೇರುವ ಪದ್ಧತಿ ದಶಕಗಳಿಂದ ನಡೆದುಬಂದಿದೆ, ಹೊಸಬರಿಗೂ ಮಕ್ಕಳಿಗೂ ಅಲ್ಲಿ ಬಾಗಿಲು ತೆರೆದಿದೆ. 2014ರಿಂದ ನಡೆದ 'ನೆರಳು' ಮರಗಳ ಹಬ್ಬ ಎಷ್ಟೋ ಕುಟುಂಬಗಳನ್ನು ಮರದ ಕೆಳಗೆ ತಂದು ನಿಲ್ಲಿಸಿತು. ಪಾಲಿಕೆಯ ಪಾರ್ಕುಗಳಿಗೆ ಬೆಳಿಗ್ಗೆ ಹತ್ತಕ್ಕೇ ಬೀಗ ಬೀಳುತ್ತಿದ್ದ ಕಾಲವೂ ಹೋಗಿ, 2024ರಲ್ಲಿ ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ ತೀರ್ಮಾನವಾಯಿತು. ಚಿಕ್ಕಮಕ್ಕಳ ತಾಯಂದಿರಿಗೆ ಇದು ಬಹಳ ದೊಡ್ಡ ಉಪಕಾರ, ಏಕೆಂದರೆ ಮೂರು ವರ್ಷದ ಮಗು ಎದ್ದು ಹಾಲು ಕುಡಿದು ಹೊರಡುವುದೇ ಹತ್ತಕ್ಕೆ.

ಇದರ ಜೊತೆಗೆ ಈಚೆಗೆ ಹಣ ಕೊಟ್ಟು ಸೇರುವ ಪ್ರಕೃತಿ ತರಗತಿಗಳೂ, ಬೇಸಗೆ ಶಿಬಿರಗಳೂ ಹೆಚ್ಚಿವೆ. ಒಳ್ಳೆಯ ಮನಸ್ಸಿನಿಂದ ನಡೆಸುವವರು ಅವರಲ್ಲಿದ್ದಾರೆ. ಆದರೂ ಐದು ವರ್ಷದೊಳಗಿನವರಿಗೆ ಅವು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ವಾರಕ್ಕೊಂದು ಗಂಟೆ, ಇಪ್ಪತ್ತು ಮಕ್ಕಳ ನಡುವೆ, ಬೇರೆಯವರು ಆರಿಸಿದ ಎಲೆಯನ್ನು ನೋಡುವುದಕ್ಕಿಂತ, ಹಾಲು ತರಲು ಹೋಗುವ ದಾರಿಯಲ್ಲಿ ತಾನೇ ಕಂಡ ಇರುವೆ ಸಾಲಿನ ಮುಂದೆ ಹತ್ತು ನಿಮಿಷ ಕೂರುವುದು ಮೇಲು. ಹಾಲು ಐದು ನಿಮಿಷ ತಡವಾಗಲಿ.

ಎಚ್ಚರವೂ ಬೇಕು, ಅದನ್ನು ಮರೆಸಬಾರದು. ಹಳೆಯ ಮನೆಗಳ ಮುಂದೆ ಪೂಜೆಗೆಂದು ಬೆಳೆಸಿರುವ ಕಣಗಿಲೆ ಎಲೆಯಿಂದ ಬೇರಿನವರೆಗೆ ವಿಷ. ಹಳದಿ ಕಣಗಿಲೆಯ ಕಾಯಿ, ಉಮ್ಮತ್ತಿಯ ಮುಳ್ಳುಕಾಯಿ, ಗುಲಗಂಜಿಯ ಬೀಜ ಇವೂ ಹಾಗೆಯೇ. ಪತ್ರೆಯ ಕಟ್ಟಿನಲ್ಲಿ ಕಣಗಿಲೆ, ಉಮ್ಮತ್ತಿ ಬರುತ್ತವೆ, ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಉರಿ. ಮುಟ್ಟಿ ನೋಡಬಹುದು, ಬಾಯಿಗಿಡಬಾರದು, ಆಡಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು ಎಂಬ ಒಂದೇ ಕಟ್ಟಳೆಯನ್ನು ಎರಡು ವರ್ಷದಿಂದಲೇ ಪಾಲಿಸಿದರೆ ಮಕ್ಕಳು ಅದನ್ನು ಚಾಚೂ ತಪ್ಪುವುದಿಲ್ಲ. ಬಸವನಹುಳು ಮುಟ್ಟಿದ ಮೇಲಂತೂ ಕೈ ತೊಳೆಯಲೇಬೇಕು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಡೆಂಗಿಯ ಸೊಳ್ಳೆಗೆ ಅಷ್ಟೇ ಸಾಕು. ಕಂಬಳಿಹುಳವನ್ನು ದೂರದಿಂದ ನೋಡಿ.

ಇನ್ನು ಓದುಗರಲ್ಲಿ ನನ್ನದೊಂದು ಕೋರಿಕೆ. ಈ ಕಾರ್ತಿಕದ ಪರಿಷೆಯಲ್ಲಿ ಕೊಂಡ ಹಸಿ ಕಡಲೆಕಾಯಿಯಲ್ಲಿ ಹತ್ತು ಕಾಯಿ ಹುರಿಯದೆ, ಬೇಯಿಸದೆ ಎತ್ತಿಡಿ. ಚೆನ್ನಾಗಿ ಒಣಗಿಸಿ, ಡಬ್ಬಿಯ ಮೇಲೆ ಮಗುವಿನ ಹೆಸರು ಬರೆಯಿರಿ. ಮೇ ಕೊನೆಗೆ ಒಂದೆರಡು ಮಳೆ ಬಿದ್ದ ಮೇಲೆ ಸುಲಿದು, ಅಗಲ ಬಾಯಿಯ ಕುಂಡದಲ್ಲಿ, ಮರಳು ಬೆರೆಸಿದ ಸಡಿಲ ಮಣ್ಣಿನಲ್ಲಿ ಬೆರಳಿನ ಎರಡು ಗೆಣ್ಣು ಆಳಕ್ಕೆ ಮಗುವಿನ ಕೈಯಿಂದಲೇ ಹಾಕಿಸಿ. ವಾರದಲ್ಲಿ ಮೊಳಕೆ ಬರುತ್ತದೆ. ಸಂಜೆ ಎಲೆಗಳು ಕೈ ಮುಗಿದಂತೆ ಮಡಚಿಕೊಳ್ಳುತ್ತವೆ, ಬೆಳಿಗ್ಗೆ ಬಿಚ್ಚಿಕೊಳ್ಳುತ್ತವೆ. ತಿಂಗಳು ಒಂದೂವರೆ ತಿಂಗಳಿಗೆ ಪುಟ್ಟ ಹಳದಿ ಹೂ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥದೊಂದು ಹೊರಟು ಕೆಳಮುಖವಾಗಿ ಇಳಿದು ಮಣ್ಣು ಹೊಗುತ್ತದೆ. ಆ ದಿನ ಮಗುವನ್ನು ಎಬ್ಬಿಸಿ ತೋರಿಸಿ. ಕಾಯಿ ಕಟ್ಟುವುದು ಅಲ್ಲೇ, ಕತ್ತಲಲ್ಲಿ. ಗೌರಿ-ಗಣೇಶ ಹಬ್ಬದ ಹೊತ್ತಿಗೆ ಗಿಡ ಕಿತ್ತರೆ ಒಂದು ಗಿಡಕ್ಕೆ ಹತ್ತಾರು ಕಾಯಿ ಸಿಗುತ್ತವೆ.